ಪುರಿಗೆ ದೀರ್ಘವಿಲ್ಲ

ಸುನೀಲನ ಕೈಯಿಂದ ಪ್ಯಾಕೆಟ್ಟನ್ನು ಕಸಿದುಕೊಂಡ ಪುಟ್ಟಿ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು. ಸಣ್ಣ ಅಕ್ಷರ ಇದ್ದ ಕಡೆ ಬೆರಳಿಟ್ಟು ಮತ್ತೆ ಅವನ ಮುಂದೆಯೇ ಹಿಡಿದಳು.

"ಓದು ಮಗ. ಇಲ್ಲೇನ್ ಬರ್ದವ್ರೆ?"

ಸುನೀಲ ಕಣ್ಣೊರೆಸಿಕೊಂಡು ಓದಿದ. ಬೆಲೆ ಬರೆದಿತ್ತು. ಅದರ ಪಕ್ಕದಲ್ಲಿ, ಎಲ್ಲ ತೆರಿಗೆಗಳೂ ಸೇರಿ ಎಂದಿತ್ತು.

"ನೋಡ್ದಾ? ತೆರ್ಗೆ ಕಟ್ಟಿದ್ ಪುರೀನ ನಮ್ಮಣ್ಣನ್ ಮುಂದ್ಕೆ ಎರ್ಚಾಕೆ ನಾನ್ ಬುಡಾಕಿಲ್ಲ."

ಅವಳ ಅಣ್ಣ ನಿಂಗರಾಜು ಆಗ ನಡುಮನೆಯ ಗೋಡೆಗೆ ಒರಗಿ ಕುಳಿತಿದ್ದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಹಣೆಗೆ ವಿಭೂತಿ, ಕೊರಳ ತುಂಬ ಗುಂಡ್ಲುಪೇಟೆಯ ಚೆಂಡುಹೂವು. ಬೆಳಗಿನ ಕಾಫಿ ಕುಡಿದು, ಪೇಪರ್ ಮಡಚಿಟ್ಟು, ಹಾಗೆಯೇ ಕುರ್ಚಿಯಲ್ಲಿ ಹೋಗಿಬಿಟ್ಟಿದ್ದರು. ಎಪ್ಪತ್ತು ದಾಟಿದ ಜೀವ, ನರಳಲಿಲ್ಲ, ಯಾರಿಗೂ ಹೊರೆಯಾಗಲಿಲ್ಲ. ಬಂದವರೆಲ್ಲ ಪುಣ್ಯವಂತನ ಸಾವು ಎಂದು ಹೇಳಿ, ಸ್ವಲ್ಪ ಅತ್ತು, ಆಮೇಲೆ ಜಗಲಿಯಲ್ಲಿ ಕೂತು ಅವರ ತಮಾಷೆಗಳನ್ನೇ ನೆನೆಸಿಕೊಂಡು ನಗುತ್ತಿದ್ದರು. ಬಾಗಿಲಲ್ಲಿ ತಮಟೆಯವರು ಬೆಂಕಿಗೆ ತಮಟೆ ಕಾಯಿಸುತ್ತಿದ್ದರು.

ಮನೆಯಿಂದ ಮಣ್ಣಿಗೆ ಹೋಗುವ ದಾರಿಯುದ್ದಕ್ಕೂ ಚಟ್ಟದ ಮುಂದೆ ಪುರಿ, ಅಂದರೆ ಮಂಡಕ್ಕಿ, ಎರಚುವುದು ಆ ಕಡೆಯ ಪದ್ಧತಿ. ಪುಟ್ಟಿಯದು ಪುರಿ ಹುರಿಯುವ ಬಟ್ಟಿ. ನಿವೃತ್ತಿಯ ನಂತರ ಊರಲ್ಲೇ ನೆಲೆಸಿದ್ದ ಅಣ್ಣನ ಮನೆಗೂ ಬಟ್ಟಿಗೂ ನಡುವೆ ಒಂದು ಮೋಟುಗೋಡೆ, ಅಷ್ಟೆ. ಆದರೆ ನಿನ್ನೆ ಹುರಿದದ್ದೆಲ್ಲ ಸಂಜೆಯೇ ಬೇಗೂರಿನ ಅಂಗಡಿಗೆ ಹೋಗಿಬಿಟ್ಟಿತ್ತು. ಚಾಮರಾಜನಗರದಲ್ಲಿ ಮೇಷ್ಟ್ರಾಗಿದ್ದ ಸುನೀಲ, ಅಪ್ಪ ಹೋದ ಸುದ್ದಿ ಕೇಳಿ ಓಡಿಬರುವಾಗ, ಅತ್ತೆಗೆ ಕಷ್ಟವಾಗದಿರಲಿ ಎಂದು ಪ್ಯಾಕೆಟ್ ಪುರಿ ತಂದಿದ್ದ. ಪಾಪ, ಒಳ್ಳೆಯದನ್ನೇ ಯೋಚಿಸಿದ್ದ.

"ಬಟ್ಟಿ ಅಚ್ತೀನಿ. ಒಂದ್ ಮೂಟೆ ಉರ್ಕೊಡಕೆ ಎಷ್ಟೊತ್ತು?" ಎಂದು ಪುಟ್ಟಿ ಸೆರಗು ಸಿಕ್ಕಿಸಿಕೊಂಡಳು.

ಜಗಲಿಯ ಮೇಲಿದ್ದ ದೊಡ್ಡಯ್ಯ ಕೆಮ್ಮಿದರು. ಬೀದಿಯ ಯಜಮಾನರು, ಹುಟ್ಟಿದ ಮನೆಗೂ ಸತ್ತ ಮನೆಗೂ ಅವರು ಹೇಳಿದ್ದೇ ಕ್ರಮ.

"ಮಣ್ ಮಾಡಗಂಟ ಮನೆಯೋರು ಒಲೆ ಅಚ್ಚಂಗಿಲ್ಲ ಕಣವ್ವ. ನೀನು ಒಡಹುಟ್ಟಿದೋಳು."

ಪುಟ್ಟಿ ನಿಂತಲ್ಲೇ ನಿಂತಳು. ಅಣ್ಣ ಯಾವ ಊರಿಗೆ ಹೊರಟರೂ ಬಿಸಿ ಪುರಿ ಇಲ್ಲದೆ ಅವಳು ಕಳಿಸಿದವಳೇ ಅಲ್ಲ. ಈಗ ಎಲ್ಲಕ್ಕಿಂತ ದೂರದ ಊರಿಗೆ ಹೊರಟಿರುವಾಗ ಅಂಗಡಿಯ ತಣ್ಣನೆಯ ಪ್ಯಾಕೆಟ್ ಕೊಟ್ಟು ಕಳಿಸಬೇಕೇ?

*

ಆ ರೂಢಿ ಶುರು ಮಾಡಿದವಳು ಅವರ ತಾಯಿ ಪುಟ್ಟಮಾದಮ್ಮ. ಚಾಮರಾಜನಗರದ ಹಾಸ್ಟೆಲಿಗೆ ಸ್ಕಾಲರ್‌ಶಿಪ್ ಸಿಕ್ಕಿ ನಿಂಗರಾಜು ಹೊರಟ ದಿನ, ಬಸ್ಸಿನ ಹೊತ್ತಾದರೂ ಅವಳು ಬಟ್ಟಿಯ ಮುಂದಿನಿಂದ ಏಳಲಿಲ್ಲ. ಕಾದ ಮರಳಿನಲ್ಲಿ ಅಕ್ಕಿ ಅರಳಿ ಬೆಳ್ಳಗೆ ಮೇಲೆದ್ದಿತು. ಜರಡಿ ಹಿಡಿದು, ಬೊಗಸೆ ತುಂಬಿ, ಮಗನ ಅಂಗಿಯ ಜೇಬಿಗೆ ಸುರಿದಳು. ಬಿಸಿ ಆರುವುದರೊಳಗೆ ಊರು ಸೇರುತ್ತೀಯ ಎಂದಳು. ಸೇರಲಿಲ್ಲ, ಬಸ್ಸು ದಾರಿಯಲ್ಲೇ ಕೆಟ್ಟಿತು. ಅದನ್ನು ನಿಂಗರಾಜು ಸಾಯುವವರೆಗೂ ಹೇಳಿಕೊಂಡು ನಗುತ್ತಿದ್ದರು.

ಮೈಸೂರಿನಲ್ಲಿ ಎಂಎ ಆಯಿತು, ತೆರಿಗೆ ಇಲಾಖೆಯಲ್ಲಿ ಕೆಲಸವಾಯಿತು. ಆಮೇಲೆ ಇನ್ನೊಂದು ಸ್ಕಾಲರ್‌ಶಿಪ್ ಬಂತು. ಒಂದು ವರ್ಷ ಇಂಗ್ಲೆಂಡಿಗೆ ಹೋಗಿ ತೆರಿಗೆ ಹೇಗಿರಬೇಕು ಎನ್ನುವುದನ್ನೇ ಓದಿಕೊಂಡು ಬರಬೇಕಂತೆ. ಪುಟ್ಟಮಾದಮ್ಮ ಮಗನನ್ನು ದಿಟ್ಟಿಸಿ ನೋಡಿದಳು.

"ತೆರ್ಗೆ ಹಾಕಕ್ಕೂ ಓದ್ಬೇಕೇನ್ಲಾ?"

"ಹಾಕಕ್ಕೆ ಓದ್‌ಬೇಕಾಗಿಲ್ಲ ಕಣವ್ವ. ಎಲ್ಲಿ ಹಾಕ್ಬಾರ್ದು ಅನ್ನಕ್ಕೆ ಓದ್ಬೇಕು."

ಅಷ್ಟು ಹೊತ್ತಿಗೆ ತಾಯಿಯ ಕೈ ಸೋತಿತ್ತು, ಜರಡಿ ಪುಟ್ಟಿಯ ಕೈಗೆ ಬಂದಿತ್ತು. ಇಂಗ್ಲೆಂಡಿಗೆ ಹೊರಟ ಅಣ್ಣನ ಕೋಟಿನ ಜೇಬಿಗೂ ಅವಳು ಪುರಿ ತುಂಬಿದಳು. ಓದು ಮುಗಿಸಿ ಬಂದ ನಿಂಗರಾಜು ಬೆಂಗಳೂರಿನಲ್ಲಿ, ಯಾವ ಸರಕಿಗೆ ಎಷ್ಟು ತೆರಿಗೆ ಎಂದು ಲೆಕ್ಕ ಹಾಕುವ ಕಡೆ ಕುಳಿತರು. ಊರಿಗೆ ಅಷ್ಟೆಲ್ಲ ಎಲ್ಲಿ ಗೊತ್ತು? ಬೀಡಿಯ ಬೆಲೆ ಏರಿದರೂ ಸೋಪಿನ ಬೆಲೆ ಏರಿದರೂ ಜನ ನೇರ ಪುಟ್ಟಿಯ ಬಟ್ಟಿಗೆ ಬಂದು, ನಿಮ್ಮಣ್ಣನಿಗೆ ಇದೂ ಬೇಕಿತ್ತಾ ಎನ್ನುತ್ತಿದ್ದರು. ಅವಳು ಒಬ್ಬೊಬ್ಬರ ಮೇಲೂ ಜಗಳಕ್ಕೆ ಬೀಳುತ್ತಿದ್ದಳು. ಒಂದು ಸಲ, ಪುರಿಗೂ ತೆರಿಗೆ ಬರುತ್ತದಂತೆ ಎಂಬ ಸುದ್ದಿ ಹಬ್ಬಿತು. ಆ ವಾರವೇ ಊರಿಗೆ ಬಂದಿದ್ದ ಅಣ್ಣನನ್ನು ಕೇಳಲು ಅವಳಿಗೆ ಧೈರ್ಯ ಬರಲಿಲ್ಲ. ಅವರೂ ಏನೂ ಹೇಳಲಿಲ್ಲ. ಬೆಳಗಿನ ಬಸ್ಸಿಗೆ ಹೊರಡುವಾಗ ಮಾತ್ರ, ಇವತ್ತು ಜೇಬು ಸಾಲದು, ಒಂದು ಚೀಲ ಕೊಡು ಎಂದರು. ಬಟ್ಟಿಯ ಬಿಡಿ ಪುರಿಗೆ ತೆರಿಗೆ ಬರಲಿಲ್ಲ, ಪ್ಯಾಕೆಟ್ಟಿನದಕ್ಕೆ ಮಾತ್ರ ಬಂತು. ಅದು ಅಣ್ಣನ ಕೆಲಸವೋ ತನ್ನ ಅದೃಷ್ಟವೋ ಪುಟ್ಟಿಗೆ ಕೊನೆಗೂ ತಿಳಿಯಲಿಲ್ಲ.

*

"ಅದು ಒಲೆ ಅಲ್ಲ ದೊಡ್ಡಯ್ಯಣ್ಣ," ಎಂದಳು ಪುಟ್ಟಿ. "ಬಟ್ಟಿ."

ಜಗಲಿಯಲ್ಲಿ ಯಾರೋ ಕಿಸಕ್ಕೆಂದರು. ಬೆಂಕಿ ಬೆಂಕಿಯೇ ತಾನೇ, ಹೆಸರು ಬೇರೆಯಾದರೆ ಸುಡುವುದಿಲ್ಲವೇ ಎಂದು ದೊಡ್ಡಯ್ಯ ಕೇಳಿದರು. ಅಷ್ಟರಲ್ಲಿ ಬೆಂಗಳೂರಿನಿಂದ ಬಂದು ಮೂಲೆಯಲ್ಲಿ ಕುಳಿತಿದ್ದ ದಪ್ಪ ಕನ್ನಡಕದವರೊಬ್ಬರು ಎದ್ದು ನಿಂತರು. ಹೆಸರು ಮಲ್ಲಿಕಾರ್ಜುನಸ್ವಾಮಿ, ಬದನಗುಪ್ಪೆ ಕಡೆಯವರು, ನಿಂಗರಾಜುವಿನ ಕೈಕೆಳಗೆ ಬಹಳ ವರ್ಷ ಕೆಲಸ ಮಾಡಿದವರು.

"ಯಜಮಾನ್ರೇ, ಹೆಸರು ಬೇರೆ ಆದ್ರೆ ಎಲ್ಲಾ ಬೇರೆ ಆಗ್ತದೆ. ನಮ್ ಸಾಹೇಬ್ರು ಜೀವಮಾನ ಎಲ್ಲಾ ಮಾಡಿದ್ದು ಅದನ್ನೇ," ಎಂದು ಅವರು ಕತೆ ಶುರು ಮಾಡಿದರು.

ಹೊಸ ತೆರಿಗೆಯ ಪಟ್ಟಿ ತಯಾರಾಗುತ್ತಿದ್ದ ಕಾಲವಂತೆ ಅದು. ಪಟ್ಟಿ ಇಂಗ್ಲಿಷಿನಲ್ಲಿತ್ತು. ಯಾರೋ ನಮ್ಮ ಪುರಿಯನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಹಾಗೆಯೇ ಟೈಪ್ ಮಾಡಿದ್ದರು. ಸಮಿತಿಯಲ್ಲಿ ಕುಳಿತಿದ್ದ ಉತ್ತರ ಭಾರತದ ದೊಡ್ಡ ಅಧಿಕಾರಿಗಳು ಅದನ್ನು ಹೋಟೆಲಿನ ಪೂರಿ ಎಂದು ಓದಿಕೊಂಡರು. ಸಾಗು ಹಾಕಿಕೊಂಡು ತಿನ್ನುವ ಪೂರಿ. ಹೋಟೆಲಿನ ತಿಂಡಿ ಎಂದಮೇಲೆ ತೆರಿಗೆ ಇರಲಿ ಎಂದು ಬರೆದೂ ಆಯಿತು. ನಿಂಗರಾಜು ಎದ್ದು ಎಷ್ಟು ವಿವರಿಸಿದರೂ, ಪೂರಿಯೂ ಉಬ್ಬುತ್ತದೆ, ಇದೂ ಉಬ್ಬುತ್ತದೆ ಎನ್ನುತ್ತೀರಿ, ವ್ಯತ್ಯಾಸವೇನು ಎಂದು ಅವರು ಕೇಳಿದರು. ಮುಂದಿನ ಸಭೆಗೆ ನಿಂಗರಾಜು ಒಂದು ಚೀಲ ಹೊತ್ತು ತಂದರು. ಯಾರನ್ನೂ ಕೇಳದೆ, ಹೊಳೆಯುವ ಆ ಉದ್ದನೆಯ ಮೇಜಿನ ಮೇಲೆ ಅದನ್ನು ಬೋರಲು ಹಾಕಿದರು. ಫೈಲುಗಳ ಮೇಲೆ, ನೀರಿನ ಲೋಟಗಳ ಸುತ್ತ, ಅಧ್ಯಕ್ಷರ ತೊಡೆಯ ಮೇಲೆಲ್ಲ ಪುರಿ.

"ಏನಂದ್ರು ಗೊತ್ತಾ? ನಮ್ಮ ಪುರಿಗೆ ದೀರ್ಘ ಇಲ್ಲ ಸಾರ್. ಇದು ಬಡವರ ಮದ್ವೇಲೂ ಇರ್ತದೆ, ಮಣ್ಣಲ್ಲೂ ಇರ್ತದೆ. ನಮ್ ತಂಗಿ ಹುರಿದಿರೋದು, ತಿಂದ್ ನೋಡಿ, ಅಂದ್ರು. ಅಧ್ಯಕ್ಷರು ಮುಷ್ಟಿ ತುಂಬ ತಿಂದು, ಆ ಸಾಲು ಹೊಡೆದಾಕಿದ್ರು."

ಜಗಲಿಯೆಲ್ಲ ನಗೆಯಾಯಿತು. ಪುಟ್ಟಿಗೆ ಮಾತ್ರ ಅಳು ಒತ್ತರಿಸಿಕೊಂಡು ಬಂತು. ಬೆಳಗಿನಿಂದ ಅವಳು ಸರಿಯಾಗಿ ಅತ್ತಿರಲಿಲ್ಲ. ಮೋಟುಗೋಡೆ ಹಿಡಿದುಕೊಂಡು ಮನಸಾರೆ ಅತ್ತಳು, ಅಳುವಿನ ನಡುವೆಯೇ, ಇಷ್ಟು ವರ್ಷ ನನಗೊಂದು ಮಾತು ಹೇಳಲಿಲ್ಲವಲ್ಲ ಎಂದು ಅಣ್ಣನನ್ನು ಬೈದಳು. ಆ ಬೈಗುಳ ಅವಳ ಬಾಯಿಗೆ ಸಿಹಿಯಾಗಿತ್ತು.

ದೊಡ್ಡಯ್ಯ ಬಹಳ ಹೊತ್ತು ಗಡ್ಡ ಕೆರೆದುಕೊಂಡರು. ನ್ಯಾಯ ಹೇಳುವವರಿಗೆ ಸುಮ್ಮನೆ ಸೋಲಲು ಬರುವುದಿಲ್ಲ.

"ಅಲ್ಲ ಪುಟ್ಟಿ, ನಿನ್ ಬಟ್ಟಿ ಮ್ಯಾಲೆ ಅನ್ನ ಬೇಯ್ಸಿದ್ದೀಯಾ ಯಾವತ್ತಾರ?"

"ಇಲ್ಲ."

"ಸಾರು?"

"ಇಲ್ಲ ಕಣಣ್ಣ. ಮರಳು ಕಾಯ್ಸೋದಷ್ಟೆ."

"ಅಂಗಾರೆ ಒಲೆ ಅಲ್ಲ. ಅಚ್ಚೋಗು. ಆದ್ರೆ ಮಣ್ ಮಾಡಗಂಟ ಯಾರೂ ಒಂದ್ ಕಾಳೂ ಬಾಯ್ಗೆ ಆಕಂಗಿಲ್ಲ."

ಭತ್ತದ ಹೊಟ್ಟು ಬುಗ್ಗನೆ ಹತ್ತಿಕೊಂಡಿತು. ಸುನೀಲ ಪ್ಯಾಂಟ್ ಮಡಚಿಕೊಂಡು ಹೊಟ್ಟು ತಳ್ಳಲು ಕುಳಿತ. ಪುಟ್ಟಿ ಉಪ್ಪುನೀರು ಹಿಡಿದ ಅಕ್ಕಿಯನ್ನು ಮರಳಿಗೆ ಹಾಕಿ ಕೈಯಾಡಿಸಿದಳು. ಚಟಪಟ ಸದ್ದಿನ ಜೊತೆ ಬಂದ ಘಮ ಗೋಡೆ ದಾಟಿ ಸಾವಿನ ಮನೆಯನ್ನೆಲ್ಲ ತುಂಬಿತು. ಬೆಳಗಿನಿಂದ ಹಸಿದಿದ್ದ ನೆಂಟರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸ್ವತಃ ದೊಡ್ಡಯ್ಯನವರೇ ಎರಡು ಸಲ ಉಗುಳು ನುಂಗಿದ್ದನ್ನು ಮಲ್ಲಿಕಾರ್ಜುನಸ್ವಾಮಿ ನೋಡಿಯೂ ನೋಡದಂತಿದ್ದರು.

ಬಿಸಿಲು ಇಳಿಯುವ ಹೊತ್ತಿಗೆ ನಿಂಗರಾಜುವನ್ನು ಹೂವಿನ ಚಟ್ಟದಲ್ಲಿ ಕೂರಿಸಿದರು. ಪುರಿಯ ಮೂಟೆ ಸುನೀಲನ ಕೈ ಸೇರಿತು. ಹೆಂಗಸರು ಬೀದಿಯ ತಿರುವಿನಿಂದ ಆಚೆಗೆ ಹೋಗುವ ವಾಡಿಕೆಯಿರಲಿಲ್ಲ. ಚಟ್ಟ ಎತ್ತುವ ಮೊದಲು ಪುಟ್ಟಿ ಓಡಿಬಂದು, ಹಾರಗಳನ್ನು ಸರಿಸಿ, ಜರಡಿಯಿಂದ ಬೊಗಸೆ ತುಂಬಿ, ಅಣ್ಣನ ಅಂಗಿಯ ಜೇಬಿಗೆ ಸುರಿದಳು. ಜೇಬು ಉಬ್ಬಿತು. ಅದರ ಮೇಲೊಮ್ಮೆ ಅಂಗೈಯಿಟ್ಟು ಬಿಸಿ ನೋಡಿದಳು.

"ಬಸ್ ಕೆಡಾಕಿಲ್ಲ ಬುಡು ಈ ಸಲ," ಎಂದಳು.

ತಮಟೆ ಮೊಳಗಿತು. ಮುಂದೆ ಸುನೀಲ ಎರಡೂ ಕೈಯಿಂದ ಎರಚುತ್ತಾ ಹೋದ, ಬೀದಿ ಬೆಳ್ಳಗಾಯಿತು. ತಿರುವಿನಲ್ಲಿ ನಿಂತ ಪುಟ್ಟಿ ಅದನ್ನು ನೋಡುತ್ತಿರಲಿಲ್ಲ, ಅವಳ ಕಣ್ಣು ಅಣ್ಣನ ಮೇಲೇ ಇತ್ತು. ಹೊತ್ತವರು ತಮಟೆಯ ಗತ್ತಿಗೆ ಹೆಜ್ಜೆ ಹಾಕಿದ ಹಾಗೆಲ್ಲ ಅವಳ ಅಣ್ಣನ ಜೇಬಿನಿಂದ ಒಂದೊಂದೇ ಪುರಿ ಚಿಮ್ಮಿ, ಪಕ್ಕದಲ್ಲಿ ನಡೆಯುತ್ತಿದ್ದ ದೊಡ್ಡಯ್ಯನವರ ತಲೆಯ ರುಮಾಲಿನ ಮೇಲೆ ಬೀಳುತ್ತಿತ್ತು.