ಉಣ್ಣುವಾಗ ಮೊಬೈಲು ಬೇಡ

ಅಂದು ಮುಂಜಾನೆ ಮಲಪ್ರಭೆಯಿಂದ ಎದ್ದ ಮಂಜು ಮನೋಳಿಯ ಅಂಗನವಾಡಿ ಬಾಗಿಲವರೆಗೂ ಬಂದಿತ್ತು. ತಾಯಂದಿರಿಗೆ ಮಕ್ಕಳ ಪಾಲನೆ ಕಲಿಸುವ ಫರೀನ್‌ಗೆ ಅದು ಮೊದಲ ತರಗತಿ. ಹೆಂಗಸರು ನಕ್ಕು ಎದ್ದುಹೋದರೆ ಮತ್ತೆ ಬರುವವರಿಲ್ಲ. ಅವಳ ಫೋನಿನ ಚಾರ್ಜು ಮುಗಿದಿತ್ತು. ಮೊಮ್ಮಗನಿಗೆ ಉಣಿಸಲು ಹೆಣಗುತ್ತಿದ್ದ ಗುರವ್ವನ ಫೋನು ಇಸಿದುಕೊಂಡು ಆನ್‌ಲೈನ್ ಪಾಠ ಹಚ್ಚಿದಳು: ಮೊಬೈಲು ತೋರಿಸಿ ಮಕ್ಕಳಿಗೆ ಉಣಿಸಬಾರದು.

ಬಾಯಿ ಬಿಗಿದು ಕುಳಿತಿದ್ದ ಮೊಮ್ಮಗ, ಪರಿಚಯದ ಫೋನು ಬೆಳಗಿದ್ದೇ ತಡ, ಗುಡಿಯ ಪರದೆ ಸರಿದಾಗಿನ ಭಕ್ತನಂತೆ ಬಾಯಿ ತೆರೆದ. ಗುರವ್ವ ಹಾಲುರೊಟ್ಟಿ ತುರುಕಿದಳು. ಪಾಠ ಮುಗಿಯುವುದಕ್ಕೂ ಬಟ್ಟಲು ಬರಿದಾಗುವುದಕ್ಕೂ ಸರಿಹೋಯಿತು.

"ಭಾಳ ಚಲೋ ಪಾಠ ಐತ್ರಿ ಬಾಯಾರ! ನಾಳೆ ಮತ್ತ ಹಚ್ರಿ, ಎಲ್ಲಾರೂ ಬಟ್ಟಲಾ ತೊಗೊಂಡ ಬರ್ತೇವಿ," ಎಂದಳು ಗುರವ್ವ.

ನಗೆ ಎದ್ದಿತು, ಹೆಂಗಸರು ಏಳಲಿಲ್ಲ. ಫರೀನ್ ದುಪಟ್ಟಾದಿಂದ ಫೋನು ಒರೆಸಿ ಗುರವ್ವನ ಕೈಗೆ ಮರಳಿಸಿದಳು.