ನೀರಿನ ದೂರಿಗೆ ಉತ್ತರಿಸಿದವರು

ನಗರಸಭೆಯ ನೀರು ವಿಭಾಗದಲ್ಲಿ ಹತ್ತೊಂಬತ್ತು ವರ್ಷ ದೂರಿನ ಫೋನು ಎತ್ತಿದವಳನ್ನು ಎಲ್ಲರೂ ನಲ್ಲಿ ಅಕ್ಕ ಎಂದೇ ಕರೆಯುತ್ತಿದ್ದರು. ಯಾವ ಕೊಳವೆ ಎಲ್ಲಿ ತಿರುಗುತ್ತದೆ, ಯಾವ ವಾಲ್ವು ಯಾರ ಗೇಟಿನ ಕೆಳಗಿದೆ, ಎಲ್ಲ ಅವಳಿಗೆ ಬಾಯಿಪಾಠ. ಈ ವರ್ಷ ಆ ಕೆಲಸವನ್ನು ಹೊರಗಿನ ಕಂಪನಿಗೆ ಗುತ್ತಿಗೆ ಕೊಟ್ಟು, ಅವಳನ್ನು ಜನನ ಪ್ರಮಾಣಪತ್ರದ ವಿಭಾಗಕ್ಕೆ ಸಾಗಹಾಕಿದರು.

ಅವಳ ತಮ್ಮ ಊರಿನ ದೊಡ್ಡ ಪತ್ರಿಕೆಯ ವರದಿಗಾರ. ನಲವತ್ತು ಸೆಕೆಂಡಿನಲ್ಲಿ ಉತ್ತರ ಎಂದು ಗುತ್ತಿಗೆಯನ್ನು ಮುಖಪುಟದಲ್ಲಿ ಹೊಗಳಿದವನು ಅವನೇ. ಭಾನುವಾರ ಊಟಕ್ಕೆ ಬಂದಾಗ ಮಾತಿಗೆ ಮಾತು ಬೆಳೆಯಿತು. ಫೋನು ಎತ್ತಿದರೆ ಸಾಕೇ, ನೀರು ಬರಬೇಡವೇ ಎಂದಳು ಅಕ್ಕ. ನಿಮ್ಮ ಕಚೇರಿಯಲ್ಲಿ ಅರ್ಧ ದಿನ ಫೋನೇ ಎತ್ತುತ್ತಿರಲಿಲ್ಲ ಎಂದ ತಮ್ಮ. ಈ ಗುತ್ತಿಗೆಯ ಬಗ್ಗೆ ಜನ ಬರೆದ ಹದಿನೈದು ದೂರಿನ ಪತ್ರಗಳಲ್ಲಿ ನಿಮ್ಮ ಪತ್ರಿಕೆ ಒಂದನ್ನೂ ಹಾಕಲಿಲ್ಲವಲ್ಲ ಎಂದು ಅವಳು ಕೇಳಿದಾಗ ಅವನು ಕೈ ತೊಳೆಯಲು ಎದ್ದ.

ಅವನು ಹೋದ ಮೇಲೆ ಅವಳಿಗೆ ಸಿಟ್ಟಿಗಿಂತ ಕುತೂಹಲವೇ ಹೆಚ್ಚಾಯಿತು. ತನ್ನ ಜಾಗದಲ್ಲಿ ಈಗ ಯಾರಿದ್ದಾರೆ? ಹಳೆಯ ನಂಬರಿಗೇ ಫೋನು ಮಾಡಿದಳು. ಒಬ್ಬ ಹೆಂಗಸು ತಕ್ಷಣ ಎತ್ತಿದಳು. ಬೀದಿಯಲ್ಲಿ ಎರಡು ದಿನದಿಂದ ನೀರಿಲ್ಲ ಎಂದಳು ಅಕ್ಕ. ಅದು ನಿಜವೂ ಆಗಿತ್ತು. ಆಕೆ ಬೀದಿಯ ಹೆಸರನ್ನು ಮೂರು ಸಲ ಕೇಳಿದಳು.

"ನೀವು ಎಲ್ಲಿಂದ ಮಾತಾಡ್ತಿದೀರಿ?" ಎಂದು ಅಕ್ಕ ಕೇಳಿದಳು.

ಆಕೆ ಹೇಳಿದಳು: "ಬೇರೆ ಊರಿಂದ. ನಿಮ್ಮೂರು ನಾನು ನೋಡೇ ಇಲ್ಲ. ಮೊದಲು ಸ್ಕೂಲಲ್ಲಿ ಭೂಗೋಳ ಹೇಳಿಕೊಡ್ತಿದ್ದೆ. ಇಲ್ಲಿ ಕೊಟ್ಟಿರೋ ನಕ್ಷೆ ಅರ್ಧ ತಪ್ಪು ಅಂತ ಗೊತ್ತಾಗುತ್ತೆ, ಯಾವ ಅರ್ಧ ಅಂತ ಗೊತ್ತಾಗಲ್ಲ."

ಅಕ್ಕನಿಗೆ ನಗು ಬಂತು. ಯಾವ ವಾಲ್ವು ತಿರುಗಿಸಬೇಕೆಂದು ಬರೆಸಿದಳು. ಮರುದಿನ ನೀರು ಬಂತು. ಆಮೇಲೆ ಊಟದ ಬಿಡುವಿನಲ್ಲಿ ದಿನಾ ಫೋನಿನಲ್ಲೇ ನಕ್ಷೆಯ ಒಂದೊಂದು ಬೀದಿ ತಿದ್ದಿಸತೊಡಗಿದಳು. ತನ್ನ ಕೆಲಸ ಕಿತ್ತುಕೊಂಡವರಿಗೆ ಏಕೆ ನೆರವಾಗುತ್ತಿದ್ದೇನೆಂದು ಅವಳಿಗೇ ತಿಳಿಯಲಿಲ್ಲ. ಹೀಗೇ ಮಾತಿನ ನಡುವೆ ಒಂದು ದಿನ ಆ ಭೂಗೋಳದ ಟೀಚರು ಹೇಳಿದಳು: "ನಿಮ್ಮೂರಿನ ಪೇಪರಿನ ಪುಟಗಳನ್ನೂ ನಮ್ಮ ಮೇಲಿನ ಮಹಡಿಯಲ್ಲೇ ಮಾಡ್ತಾರೆ. ಒಂದೇ ಕಂಪನಿ."

ತಮ್ಮನಿಗೆ ಹೇಳಿದರೆ ಮೊದಲು ನಕ್ಕ. ಪುಟ ಹೊರಗೆಲ್ಲೋ ತಯಾರಾಗುತ್ತದೆಂದು ಅವನಿಗೆ ಗೊತ್ತಿತ್ತು, ಎಲ್ಲಿ ಎಂದು ಕೇಳಿರಲಿಲ್ಲ. ಮುಂದಿನ ರಜೆಗೆ ಇಬ್ಬರೂ ಮೂರು ಗಂಟೆ ಬಸ್ಸಿನಲ್ಲಿ ಕೂತು ಹೋದರು. ಟೀಚರು ಅವರನ್ನು ಒಳಗೆ ಕರೆದೊಯ್ದಳು. ಮೇಲಿನ ಮಹಡಿಯಲ್ಲಿ ಓದುಗರ ಪತ್ರದ ಪುಟ ಮಾಡುವವನನ್ನು ತಮ್ಮ ಕೇಳಿದ, ಕಂಪನಿ ವಿರುದ್ಧದ ಪತ್ರಗಳನ್ನು ನೀವೇ ತೆಗೆದುಹಾಕುತ್ತೀರೇನು ಎಂದು.

"ನಾವ್ಯಾಕೆ ತೆಗೀತೀವಿ ಸಾರ್? ನಮಗೆ ಬರೋದೇ ಇಲ್ಲ. ಅಲ್ಲೇ, ನಿಮ್ಮ ಆಫೀಸಲ್ಲೇ ಉಳಿಯುತ್ತೆ."

ಬಸ್ಸಿನಲ್ಲಿ ವಾಪಸು ಬರುವಾಗಲೇ ತಮ್ಮ ನೋಟ್‌ಬುಕ್ ತೆಗೆದ. ಅವನು ಕಂಡದ್ದನ್ನೆಲ್ಲ ಬರೆದ: ಬೇಗ ಎತ್ತುವ ಫೋನು, ತಪ್ಪು ನಕ್ಷೆ, ಒಂದೇ ಕಂಪನಿಯ ಎರಡು ಮಹಡಿ. ಸಂಪಾದಕರು ಕೊನೆಯ ಸಂಗತಿಗೆ ಕತ್ತರಿ ಹಾಕಿದರು. ಅವನು ಜಗಳಕ್ಕೆ ನಿಂತ. ಆ ಸಾಲು ಉಳಿಯಲಿಲ್ಲ, ಆದರೆ ಆ ಹದಿನೈದರಲ್ಲಿ ನಾಲ್ಕು ಪತ್ರಗಳು ಅಚ್ಚಾದವು.

ಗುತ್ತಿಗೆ ರದ್ದಾಗಲಿಲ್ಲ. ನಕ್ಷೆ ಸರಿಪಡಿಸಲು ನಗರಸಭೆ ನಲ್ಲಿ ಅಕ್ಕನನ್ನು ಕೇಳಿತು. ಟೀಚರನ್ನು ಒಂದು ವಾರ ಇಲ್ಲಿಗೆ ಕಳಿಸಿದರೆ ಮಾಡುತ್ತೇನೆ ಎಂದಳು. ಕಳಿಸಿದರು. ಇಬ್ಬರೂ ಬೀದಿ ಬೀದಿ ಅಲೆದು ವಾಲ್ವಿನ ಮುಚ್ಚಳ ಎತ್ತಿ ನೋಡುತ್ತಿದ್ದರೆ, ಗುತ್ತಿಗೆಯೇ ಒಳ್ಳೆಯದೆಂದು ಇನ್ನೂ ವಾದಿಸುತ್ತಿದ್ದ ತಮ್ಮ ಟಾರ್ಚು ಹಿಡಿದು ಹಿಂದೆ ಹಿಂದೆ ನಡೆದ.