ಭಾವನ ಖಾಲಿ ಚೀಟಿ

ನಾನು ಬರೆದ ಪ್ರೋಗ್ರಾಂ ತಪ್ಪುವುದಿಲ್ಲ ಎಂದು ಅಕ್ಕನ ಕನ್ನಡಕದ ಅಂಗಡಿಯಲ್ಲಿ ಎದೆ ತಟ್ಟಿ ಹೇಳಿದವಳು ನಾನೇ. ಒಟ್ಟು ಮೂರು ಪೈಥಾನ್ ಸ್ಕ್ರಿಪ್ಟು: ಒಂದು ಅಕ್ಕ ಕಣ್ಣು ಪರೀಕ್ಷಿಸುವ ಕೋಣೆಗೆ, ಒಂದು ಭಾವ ಗಾಜು ಉಜ್ಜುವ ಯಂತ್ರದ ಪಕ್ಕಕ್ಕೆ, ಇನ್ನೊಂದು ಡಬ್ಬಿಯ ಮೇಲಿನ ಲೇಬಲ್ಲಿಗೆ. ಗಾಜಿನ ಕೋನ ಲೆಕ್ಕ ಹಾಕುವ ತುಣುಕು, ಅಂದರೆ ಮಾಡ್ಯೂಲ್, ಮೂರಕ್ಕೂ ಒಂದೇ. ಅಂಗಡಿಯ ಕಂಪ್ಯೂಟರುಗಳಲ್ಲಿ ಅವನ್ನು ಓಡಿಸುವ ಪೈಥಾನ್ ಇಲ್ಲ. ಹಾಗಾಗಿ ಮೂರನ್ನೂ ತಾವಾಗಿಯೇ ಓಡುವ ಬೇರೆ ಬೇರೆ ಎಕ್ಸಿಕ್ಯೂಟಬಲ್ ಆಗಿ ಕಟ್ಟಿಕೊಟ್ಟಿದ್ದೆ. ಕ್ಲಿಕ್ ಮಾಡಿದರೆ ಮುಗಿಯಿತು.

"ಒಂದು ಗಾಜು ಕೆಟ್ರೂ ನಾನು ಕೈಬರಹಕ್ಕೇ ವಾಪಸ್ಸು," ಎಂದಿದ್ದರು ಭಾವ. ಇಪ್ಪತ್ತೆಂಟು ವರ್ಷ ಗಾಜು ಉಜ್ಜಿದವರು.

ಇವತ್ತು ಬೆಳಿಗ್ಗೆ ಅವರು ಯಂತ್ರ ನಿಲ್ಲಿಸಿ ನನ್ನನ್ನು ಕೂಗಿದರು. ಬಸ್ ಡ್ರೈವರ್ ಒಬ್ಬರ ಕನ್ನಡಕ. ಮಧ್ಯಾಹ್ನ ಮೂರಕ್ಕೆ ಡಿಪೋದಲ್ಲಿ ಅವರ ದೃಷ್ಟಿಪರೀಕ್ಷೆ. ಫೇಲಾದರೆ ಕೆಲಸ ಹೋದಂತೆಯೇ.

"ನಿಮ್ಮಕ್ಕ ಹೇಳಿದ್ದು ಎಂಬತ್ತು ಡಿಗ್ರಿ, ಇಲ್ಲಿ ತೋರಿಸ್ತಿರೋದು ನೂರ ಎಪ್ಪತ್ತು. ಯಾವುದನ್ನ ನಂಬ್ಲಿ, ಜಾಣೆ?"

"ಅಕ್ಕ ಹೇಳಿದ್ದು ನಿಮಗೆ ಹೇಗೆ ಗೊತ್ತು?"

ಅವರು ಡ್ರಾಯರ್ ಎಳೆದರು. ಒಳಗೆ ಚೀಟಿಗಳ ಕಟ್ಟು. ಪ್ರತಿ ಗಿರಾಕಿಯ ನಂಬರನ್ನೂ ಅಕ್ಕನಿಂದ ಕೇಳಿ, ಗುಟ್ಟಾಗಿ ಬರೆದಿಟ್ಟಿದ್ದರು. ಮೂರು ವಾರ ನನ್ನ ಬೆನ್ನ ಹಿಂದೆ! ನನಗೆ ಮೈಯೆಲ್ಲ ಉರಿಯಿತು. ಆದರೂ ಬಗ್ಗಿ, ಅವರ ಪ್ರೋಗ್ರಾಂ ಕಟ್ಟಿದ ತಾರೀಖು ನೋಡಿದೆ.

ಅಪರೂಪದ ನಂಬರಿಗೆ ಮಾತ್ರ ಎಡವುವ ಒಂದು ತಪ್ಪನ್ನು ಮೊನ್ನೆ ಮಾಡ್ಯೂಲಿನಲ್ಲಿ ತಿದ್ದಿ, ಅಕ್ಕನ ಪ್ರೋಗ್ರಾಂ ಒಂದನ್ನೇ ಮತ್ತೆ ಕಟ್ಟಿದ್ದೆ. ಮಾಡ್ಯೂಲ್ ಒಂದೇ ತಾನೇ, ಎಲ್ಲಕ್ಕೂ ತಲುಪುತ್ತದೆ ಎಂಬ ಧಿಮಾಕು. ಆದರೆ ಕಟ್ಟುವಾಗಲೇ ಮೂರೂ ಅದರ ಒಂದೊಂದು ಪ್ರತಿಯನ್ನು ಹೊಟ್ಟೆಗೆ ಹಾಕಿಕೊಂಡಿದ್ದವು. ಭಾವನ ಪ್ರೋಗ್ರಾಮಿನ ಹೊಟ್ಟೆಯಲ್ಲಿದ್ದದ್ದು ಹಳೆಯದು.

"ತಪ್ಪು ನಂದೇ, ಭಾವ. ಒಂದು ಗಂಟೆ ಕೊಡಿ."

ಅಲುಗಾಡುವ ನನ್ನ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದೆ. ಮೂರು ಕಂಪ್ಯೂಟರಿಗೂ ಕಾಣುವ ಒಂದೇ ಫೋಲ್ಡರು, ಅದರಲ್ಲಿ ಮೂರು ಪ್ರೋಗ್ರಾಂ, ಎಲ್ಲಕ್ಕೂ ಸೇರಿ ಮಾಡ್ಯೂಲಿನ ಒಂದೇ ಪ್ರತಿ ಇಟ್ಟೆ. ಬೇಕೆಂದೇ ಅದರಲ್ಲೊಂದು ಅಂಕಿ ಕೆಡಿಸಿದೆ; ಮೂರು ಪರದೆಗಳೂ ಒಟ್ಟಿಗೇ ತಪ್ಪಿದವು. ಸರಿಪಡಿಸಿದೆ, ಮೂರರಲ್ಲೂ ಎಂಬತ್ತು.

"ನಮ್ಮ ಅಂಗಡೀಲೂ ಅಳತೆಪಟ್ಟಿ ಒಂದೇ ಇರೋದು," ಎಂದರು ಭಾವ. "ಇದನ್ನ ಮೊದಲೇ ಮಾಡೋಕೇನಾಗಿತ್ತು?"

ಎರಡೂವರೆಗೆ ಡ್ರೈವರ್ ಕನ್ನಡಕ ಹಾಕಿಕೊಂಡು, ಎದುರು ರಸ್ತೆಯ ತುದಿಯಲ್ಲಿ ನಿಂತ ಬಸ್ಸಿನ ನಂಬರ್ ಓದಿ, ನಗುತ್ತಾ ಹೊರಟರು.

ಮುಂದಿನ ಗಿರಾಕಿಯ ಅಂಕಿಗಳು ಪರದೆಗೆ ಬಂದವು. ಭಾವ ಹೊಸ ಚೀಟಿ ತೆಗೆದು ಪೆನ್ನಿನ ಮುಚ್ಚಳ ಬಿಚ್ಚಿದರು. ಅವರು ಪರದೆ ನೋಡಿದರು, ನನ್ನನ್ನು ನೋಡಿದರು. ಪೆನ್ನು ಮತ್ತೆ ಜೇಬಿಗೆ ಹೋಯಿತು. ಖಾಲಿ ಚೀಟಿಯನ್ನು ನಾಲ್ಕು ಮಡಿಕೆ ಮಾಡಿ, ಬಗ್ಗಿ, ನನ್ನ ಅಲುಗಾಡುವ ಮೇಜಿನ ಕಾಲಡಿ ಇಟ್ಟು ಯಂತ್ರ ಚಾಲೂ ಮಾಡಿದರು.